ಮೂವತ್ತು ದಾಟದ ಬ್ರೆಡ್ಡಿನ ವ್ಯಾನು

ಅಕ್ಕನ ಮಗರಾಯನಿಗೆ ಮಾವನ ಆಶೀರ್ವಾದ.

ಇಲ್ಲಿಯ ಬೀದಿಗಳಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಬಾರದೆಂದು ಬೋರ್ಡು ನೆಟ್ಟು ಕೈತೊಳೆದುಕೊಂಡಿದ್ದಾರೆ. ಕ್ಯಾಮೆರಾ ಇಲ್ಲ, ಪೊಲೀಸಿಲ್ಲ, ನಾನಿದ್ದೇನೆ. ಬೇಕರಿಯ ವ್ಯಾನನ್ನು ಬೀದಿಯ ನಟ್ಟನಡುವೆ ಸರಿಯಾಗಿ ಮೂವತ್ತರಲ್ಲೇ ಓಡಿಸುತ್ತೇನೆ. ಹಿಂದೆ ಇಪ್ಪತ್ತು ಕಾರುಗಳು ಬಾತುಕೋಳಿ ಮರಿಗಳಂತೆ ಸಾಲಾಗಿ ಬರುತ್ತವೆ. ಇಡೀ ಊರಿನ ಕಾನೂನು ನನ್ನ ಬಲಗಾಲಿನ ಕೆಳಗಿದೆ. ನಿನ್ನೆ ಒಬ್ಬ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ, "ಏನ್ ಯಜಮಾನ್ರೇ, ನಿದ್ದೆ ಬಂತಾ?" ಎಂದ. "ಅವಸರ ಇದ್ರೆ ನೀನು ಮೊನ್ನೆನೇ ಹೊರಡ್ಬೇಕಿತ್ತು ಕಣಪ್ಪ" ಎಂದೆ.

ಬ್ರೆಡ್ಡು ತಡವಾಗುತ್ತಿದೆಯೆಂದು ಬೇಕರಿ ಮಾಲೀಕ, "ನಾಳೆಯೂ ಹೀಗೇ ಆದ್ರೆ ಕೀಲಿ ಇಟ್ಟು ಹೋಗಿ" ಎಂದಿದ್ದಾನೆ. ಅವನ ಮಗಳೇ ಆ ಬೀದಿ ದಾಟಿ ಶಾಲೆಗೆ ಹೋಗುವವಳು.

ನನ್ನ ಮಂಡಿನೋವು ಇಳಿದಿದೆಯೆಂದು ಅಲ್ಲಿರುವ ನಿನ್ನ ಅತ್ತೆಗೆ ಹೇಳು. ನಾಳೆಯೂ ಮೂವತ್ತೇ. ಕೀಲಿ ಕಿತ್ತುಕೊಂಡರೆ ಸೈಕಲ್ಲಿದೆ, ನಟ್ಟನಡುವೆಯೇ ತುಳಿಯುತ್ತೇನೆ; ಊರೇ ನನ್ನ ಹಿಂದೆ ಗಂಟೆಗೆ ಹನ್ನೆರಡು ಕಿಲೋಮೀಟರಿನಲ್ಲಿ ಬರಲಿ.

ನಿನ್ನ ಮಾವ