ಹತ್ತು ಬುಟ್ಟಿ ಕೊಸರು ಕೊಟ್ಟ ಅಪರಾಧ

ಹೊಸನಗರ, ಮಾರ್ಚ್ ೧೯೬೬

ರಸ್ತೆ ಕಾಮಗಾರಿ ಕಚೇರಿಯ ಮೇಲಧಿಕಾರಿಗಳಿಗೆ.

ಮಾನ್ಯರೇ,

ತಮ್ಮ ಕಚೇರಿಯ ನೋಟೀಸು ಬೋರ್ಡಿನ ಮೇಲೆ ಇಪ್ಪತ್ತೆರಡು ದಿನಗಳಿಂದ ನನ್ನ ಹೆಸರು ತೂಗುತ್ತಿದೆ. ‘ಸುಳ್ಳು ಬಿಲ್ಲು ಸಲ್ಲಿಸಿದ ಕಾರಣ ಬುಟ್ಟಿ ಅಂಗಡಿ ಬೆಳ್ಳಪ್ಪ ಎಂಬುವರನ್ನು ಸರಬರಾಜುದಾರರ ಪಟ್ಟಿಯಿಂದ ತೆಗೆದುಹಾಕಲಾಗಿದೆ’ ಎಂದು ಅದರಲ್ಲಿ ಬರೆದಿದೆ. ಬೋರ್ಡು ಇರುವುದು ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ. ಸಾಗರದ ಬಸ್ಸಿಗೆ ಕಾಯುವವರು, ತೀರ್ಥಹಳ್ಳಿಯ ಬಸ್ಸಿಗೆ ಕಾಯುವವರು, ಬೇರೆ ಕೆಲಸವಿಲ್ಲದೆ ಅದನ್ನೇ ಓದುತ್ತಾರೆ. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಾರೆ. ನಾನು ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಉತ್ತರವಿಲ್ಲ. ತಾವು ನನ್ನ ವಿಷಯವನ್ನು ಬೀದಿಯಲ್ಲಿ ಹೇಳಿದ್ದರಿಂದ ನಾನೂ ಬೀದಿಯಲ್ಲೇ ಉತ್ತರ ಹೇಳುತ್ತೇನೆ.

ಮೊದಲು ನನ್ನ ಪರಿಚಯ ಹೇಳಬೇಕು, ಏಕೆಂದರೆ ತಮ್ಮ ಕಡತದಲ್ಲಿ ನಾನು ಬರೀ ಒಂದು ನಂಬರು. ಎರಡು ವರ್ಷದ ಹಿಂದೆ ಅಣೆಕಟ್ಟಿನ ನೀರು ನಾನು ಗೇಣಿಗೆ ಮಾಡುತ್ತಿದ್ದ ಗದ್ದೆಯ ಮೇಲೆ ಬಂತು. ಹೆಂಡತಿ ಯಮುನಮ್ಮನಿಗೆ ಬುಟ್ಟಿ ಹೆಣೆಯುವುದು ತವರಿನಿಂದ ಬಂದ ಕೆಲಸ. ಅದನ್ನೇ ನಂಬಿ ಪೇಟೆಗೆ ಬಂದು ಅಂಗಡಿ ಹಾಕಿದೆವು. ಅವಳೂ ಇನ್ನಿಬ್ಬರು ಹೆಂಗಸರೂ ಹೆಣೆಯುತ್ತಾರೆ, ನಾನು ಬಿದಿರು ತಂದು ಸೀಳಿ ಕೊಡುತ್ತೇನೆ, ಮಾರುತ್ತೇನೆ. ಬಿಲ್ಲು ಎಂಬ ವಸ್ತುವನ್ನು ತಮ್ಮ ಕಚೇರಿಯ ಬಾಗಿಲು ತುಳಿಯುವವರೆಗೆ ನಾನು ಬರೆದವನಲ್ಲ. ನಮ್ಮ ಗಿರಾಕಿಗಳು ಬುಟ್ಟಿಯ ಅಂಚನ್ನು ಎಳೆದು ನೋಡುತ್ತಾರೆ, ಹೊರುತ್ತಾರೆ, ಹೋಗುತ್ತಾರೆ. ಇದು ಅಜ್ಞಾನವೆಂದರೆ ಒಪ್ಪುತ್ತೇನೆ, ಮೋಸವೆಂದರೆ ಒಪ್ಪುವುದಿಲ್ಲ.

ಕಳೆದ ಮಳೆಗಾಲದಲ್ಲಿ ಘಾಟಿ ರಸ್ತೆಯ ಮೇಲೆ ಗುಡ್ಡ ಜರಿದು ಬಿದ್ದ ಮಣ್ಣನ್ನು ಹೊರಲು ತಮ್ಮ ಕಚೇರಿ ಹೋದ ಡಿಸೆಂಬರಿನಲ್ಲಿ ಇನ್ನೂರು ಬುಟ್ಟಿ ಬೇಕೆಂದು ಬರೆದು ಕೊಟ್ಟಿತು. ಒಂದೂವರೆ ತಿಂಗಳಲ್ಲಿ ಒಪ್ಪಿಸಿದೆವು. ನೋಟು ಪುಸ್ತಕದ ಹಾಳೆ ಹರಿದು, ನನ್ನ ಕೈಲಾದಷ್ಟು ದುಂಡಗೆ, ‘ಇನ್ನೂರು ಬುಟ್ಟಿ’ ಎಂದು ಬರೆದು ಕೊಟ್ಟೆ. ಅದು ಅಚ್ಚು ಹಾಕಿಸಿದ ಬಿಲ್ಲಲ್ಲ ಎಂದು ವಾಪಸು ಬಂತು. ಸರಿ, ಬಸ್ಸು ಹತ್ತಿ ಸಾಗರಕ್ಕೆ ಹೋದೆ. ಅಲ್ಲಿ ಚಿಕ್ಕದೊಂದು ಮುದ್ರಣಾಲಯ ಇಟ್ಟಿರುವ ಮುಕುಂದಯ್ಯನವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಎಂತ ಮಾರಾಯ, ಬುಟ್ಟಿ ಮಾರೋದಕ್ಕೂ ಬಿಲ್ ಪುಸ್ತಕನಾ?” ಎಂದು ನಕ್ಕರು. ಆದರೂ ಅಚ್ಚುಕಟ್ಟಾಗಿ ಮಾಡಿಕೊಟ್ಟರು. ಮೇಲೆ ಅಂಗಡಿಯ ಹೆಸರು, ಬಲಕ್ಕೆ ನಂಬರು, ಕೆಳಗೆ ಮಾಲು, ದರ, ಮೊತ್ತ ಎಂದು ಗೆರೆ ಎಳೆದ ಮನೆಗಳು, ಮೂರು ಪ್ರತಿ ಬರುವಂತೆ ನಡುವೆ ಕಾರ್ಬನ್ ಕಾಗದ. ಯಮುನಮ್ಮ ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದಳು. ಅದಕ್ಕೆ ಈಗ ನಾಚಿಕೆಪಡುತ್ತಿದ್ದಾಳೆ.

ಅಚ್ಚಿನ ಬಿಲ್ಲು ತೆಗೆದುಕೊಂಡು ಹೋದಾಗ ತಮ್ಮ ಲೆಕ್ಕದ ಗುಮಾಸ್ತರು ನಂಬರಿನ ಮೇಲೆ ಬೆರಳಿಟ್ಟರು. “ಏನ್ರೀ ಇದು, ನಂಬರ್ ಒಂದು? ಇಷ್ಟು ದಿನ ವ್ಯಾಪಾರನೇ ಮಾಡಿಲ್ವಾ ನೀವು?” ಎಂದರು. ಮಾಡಿದ್ದೇನೆ, ಆದರೆ ಬಿಲ್ಲು ಇದೇ ಮೊದಲು ಎಂದೆ. ಹಾಗೆಂದು ಒಂದು ಹೇಳಿಕೆ ಬರೆದುಕೊಡಲು ಹೇಳಿದರು. ಬರೆದುಕೊಟ್ಟೆ. ಮನುಷ್ಯ ಯಾವ ಕೆಲಸವನ್ನಾದರೂ ಮೊದಲನೆಯ ಸಲ ಮಾಡಲೇಬೇಕಲ್ಲ, ಮಾನ್ಯರೇ? ತಾವು ತಮ್ಮ ಮೊದಲ ಸಹಿ ಹಾಕಿದ ದಿನ ಯಾರಾದರೂ ಹೇಳಿಕೆ ಕೇಳಿದರೇ?

ಆಮೇಲೆ ಉಗ್ರಾಣದಲ್ಲಿ ಬುಟ್ಟಿ ಎಣಿಸಿದರು. ಇನ್ನೂರಹತ್ತು ಬಂದವು.

ಇಲ್ಲಿ ತಮಗೊಂದು ವಿಷಯ ತಿಳಿಸಬೇಕು. ಸಾಹೇಬರಿಗೆ ಕೊಸರು ಎಂದರೆ ಗೊತ್ತಾಗುವುದಿಲ್ಲ ಎಂದು ತಮ್ಮ ಗುಮಾಸ್ತರೇ ನನಗೆ ಹೇಳಿದರು. ತಮ್ಮ ಮನೆಗೆ ಹಾಲು ಹಾಕುವವಳು ಪಾವು ಅಳೆದಾದ ಮೇಲೆ ಇನ್ನಷ್ಟು ಸುರಿದು ಹೋಗುತ್ತಾಳಲ್ಲ, ಅದಕ್ಕೆ ಕೊಸರು ಎನ್ನುತ್ತಾರೆ. ತಾವು ಅದನ್ನು ಕುಡಿದಿದ್ದೀರಿ, ಹೆಸರು ಮಾತ್ರ ಕೇಳಿಲ್ಲ. ನಮ್ಮ ಬುಟ್ಟಿಯಲ್ಲಿ ನೂರಕ್ಕೆ ಐದು ಕೊಸರು. ಯಮುನಮ್ಮ ಅದನ್ನು ಉಳಿದ ಚೂರುಪಾರಿನಲ್ಲಿ ಮಾಡುವವಳಲ್ಲ. ಒಳ್ಳೆಯ ಸೀಳು ತೆಗೆದಿಟ್ಟು, ಅಂಚಿಗೆ ಒಂದು ಸುತ್ತಿನ ಬದಲು ಎರಡು ಸುತ್ತು ಕಟ್ಟಿ, ಕೊನೆಗೆ ಹೆಣೆಯುತ್ತಾಳೆ. ಅವಳ ತಾಯಿ ಹಾಗೆಯೇ ಮಾಡುತ್ತಿದ್ದರಂತೆ. ಕೊಸರು ಹಾಕದೆ ಕಳಿಸಿದ ಮಾಲನ್ನು ಅವಳು ಒಪ್ಪಿಸಿದ ಮಾಲೆಂದೇ ಲೆಕ್ಕ ಹಿಡಿಯುವುದಿಲ್ಲ.

“ಕೊಸರು ಸ್ವಾಮಿ, ಅದಕ್ಕೆ ದುಡ್ಡಿಲ್ಲ,” ಎಂದು ಗುಮಾಸ್ತರಿಗೆ ಹೇಳಿದೆ.

“ಅಲ್ರೀ, ಇದನ್ನ ಯಾವ ಕಾಲಂನಲ್ಲಿ ಬರ್ಕೊಳ್ಳಲಿ ನಾನು? ಬಿಲ್ಲಲ್ಲಿ ಇನ್ನೂರು, ಮಾಲು ಇನ್ನೂರಹತ್ತು. ಬಿಲ್ ಇಲ್ದೆ ಮಾಲು ಸಾಗಿಸಿದ ಹಾಗಾಯ್ತು.”

“ಹಾಗಾದ್ರೆ ಹತ್ತು ಬುಟ್ಟಿ ನಾನೇ ಹೊತ್ಕೊಂಡು ಹೋಗ್ತೀನಿ ಬಿಡಿ.”

“ಆಗಲ್ಲ. ಉಗ್ರಾಣದ ಪುಸ್ತಕಕ್ಕೆ ಹತ್ತಿಸಿ ಆಯ್ತು, ಈಗ ಅದು ಸರ್ಕಾರದ ಸ್ವತ್ತು. ಹರಾಜು ಹಾಕದೆ ಹೊರಗೆ ಕೊಡೋ ಹಾಗಿಲ್ಲ.”

ಇನ್ನೂರಹತ್ತಕ್ಕೆ ಬಿಲ್ಲು ಬರೆಯಲೇ ಎಂದು ಕೇಳಿದೆ. ಆರ್ಡರು ಇನ್ನೂರಕ್ಕೆ ಮಾತ್ರ, ಆಗುವುದಿಲ್ಲ. ಹತ್ತು ಬುಟ್ಟಿಯ ಮುಂದೆ ಸೊನ್ನೆ ಹಾಕಿ ಕೊಡಲೇ ಎಂದೆ. ಪುಕ್ಕಟೆ ಪಡೆಯುವ ಅಧಿಕಾರ ಕಚೇರಿಗೆ ಇಲ್ಲ. ಇದನ್ನು ಕೇಳಿ ನನಗೆ ನಿಜವಾಗಿಯೂ ಆಶ್ಚರ್ಯವಾಯಿತು, ಏಕೆಂದರೆ ಈ ಪೇಟೆಯ ಕಾಫಿ ಹೋಟೆಲಿನವರಿಗೆ ಅದು ಇದುವರೆಗೆ ಗೊತ್ತಿಲ್ಲ. ಅದೇ ಮೊತ್ತಕ್ಕೆ ಸರಿಹೊಂದುವಂತೆ ಎಲ್ಲದರ ದರ ಇಳಿಸಲೇ ಎಂದರೆ, ಹಾಗಾದರೆ ಮೊದಲು ಬರೆದ ದರ ಸುಳ್ಳಾಯಿತಲ್ಲ ಎಂದರು. ಹೀಗೆ ನಾಲ್ಕು ದಿನ ಅಲೆದೆ. ಐದನೆಯ ದಿನ ಬೋರ್ಡಿಗೆ ನೋಟೀಸು ಬಂತು.

ಕಡಿಮೆ ಕೊಟ್ಟು ಹೆಚ್ಚು ಬರೆದವರನ್ನು ಸುಳ್ಳರು ಎನ್ನುವುದನ್ನು ಕೇಳಿದ್ದೇನೆ. ಹೆಚ್ಚು ಕೊಟ್ಟು ಕಡಿಮೆ ಬರೆದವನನ್ನು ಸುಳ್ಳ ಎಂದ ಕಚೇರಿ ತಮ್ಮದೊಂದೇ ಇರಬೇಕು. ನೂರ ಎಪ್ಪತ್ತು ಬುಟ್ಟಿ ಕೊಟ್ಟು ಇನ್ನೂರೆಂದು ಬರೆದಿದ್ದರೆ ಬಹುಶಃ ಇಷ್ಟು ತೊಂದರೆ ಆಗುತ್ತಿರಲಿಲ್ಲ. ಅದಕ್ಕೆ ದಾರಿಗಳಿವೆಯೆಂದು ತಮ್ಮ ಕಚೇರಿಯ ಜಗಲಿಯಲ್ಲಿ ಕುಳಿತವರೇ ನನಗೆ ಪ್ರೀತಿಯಿಂದ ತಿಳಿಸಿದರು. ತಾವು ಒಳಗೆ ಕುಳಿತಿರುವುದರಿಂದ ಇದು ತಮ್ಮ ಕಿವಿಗೆ ಬಿದ್ದಿಲ್ಲವೆಂದು ನಂಬಲು ನಾನು ಬಹಳ ಪ್ರಯತ್ನಪಡುತ್ತಿದ್ದೇನೆ.

ಇನ್ನು ಸರ್ಕಾರದ ಸ್ವತ್ತಾದ ಆ ಹತ್ತು ಬುಟ್ಟಿಗಳ ವಿಚಾರ. ‘ಸಾಕ್ಷಿಗಾಗಿ ಪ್ರತ್ಯೇಕ ಇರಿಸಲಾಗಿದೆ’ ಎಂದು ನೋಟೀಸಿನ ಕೊನೆಗೆ ಬರೆಸಿದ್ದೀರಿ. ಎರಡು ಸುತ್ತಿನ ಅಂಚು ಈ ಪೇಟೆಯಲ್ಲಿ ಇನ್ನಾರೂ ಕಟ್ಟುವುದಿಲ್ಲ, ಆದ್ದರಿಂದ ನಮ್ಮ ಕೊಸರು ಬುಟ್ಟಿಯನ್ನು ನಾನು ಬೀದಿಯ ಆ ತುದಿಯಿಂದಲೇ ಗುರುತಿಸಬಲ್ಲೆ. ಸಂತೆಯ ದಿನ ಗುಮಾಸ್ತರ ಮನೆಯ ಬದನೆಕಾಯಿ ಒಂದರಲ್ಲಿ ಹೋಯಿತು. ಎರಡು ಬುಟ್ಟಿ ಉಗ್ರಾಣದವರ ಮನೆಯಲ್ಲಿ ಕೋಳಿ ಕವುಚಲು ಬಳಕೆಯಲ್ಲಿವೆ. ಮೂರರಲ್ಲಿ ಜೀಪಿನ ಚಾಲಕರು ಗೊಬ್ಬರ ಹೊರಿಸಿದ್ದನ್ನು ಊರೇ ನೋಡಿದೆ. ಕೊನೆಯ ಮೂರು ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ, ಆದರೆ ಏಳನೆಯದು ಎಲ್ಲಿದೆಯೆಂದು ತಮಗೆ ಚೆನ್ನಾಗಿ ಗೊತ್ತು. ಹೋದ ಸೋಮವಾರ ಮೂರನೆಯ ಅರ್ಜಿ ಹಿಡಿದು ತಮ್ಮ ಮುಂದೆ ನಿಂತಾಗ ನಾನು ತಲೆ ತಗ್ಗಿಸಿದ್ದೆ. ತಮ್ಮ ಮೇಜಿನ ಕೆಳಗೆ ಕಸದ ಕಾಗದ ಹಾಕುವ ಬುಟ್ಟಿ ಕಂಡಿತು. ಅಂಚಿಗೆ ಎರಡು ಸುತ್ತು. ಒಳಗೆ ಎಲ್ಲಕ್ಕಿಂತ ಮೇಲೆ ನನ್ನ ಬಿಲ್ಲು, ನಂಬರ್ ಒಂದು. ಅದು ರದ್ದಾದ ಪ್ರತಿ ಎಂದು ತಾವು ಹೇಳಿದಿರಿ. ಅರ್ಜಿಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಬುಟ್ಟಿ ಹೋಗಲಿ, ಬಿಲ್ಲಿನ ದುಡ್ಡೂ ತಡವಾಗಲಿ, ಅದಕ್ಕಾಗಿ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನೋಟೀಸು ಬಂದ ವಾರದಲ್ಲೇ ಅಡಿಕೆ ಮಂಡಿಯ ನಾಗರಾಜಪ್ಪನವರು ಹೇಳಿಕಳಿಸಿದರು. “ಬೆಳ್ಳಪ್ಪ, ನಂಗೆ ನಿನ್ ಮೇಲೆ ಅನುಮಾನ ಇಲ್ಲ. ಆದ್ರೆ ಬೋರ್ಡಿಗೆ ಹಾಕಿದಾರಲ್ಲ, ನಾಲ್ಕು ಜನ ಕೇಳ್ತಾರೆ. ಬುಟ್ಟಿ ತರೋ ಮುಂಚೆ ಇನ್ನೊಂದ್ಸಲ ಎಣಿಸ್ಕೊಂಡು ತಾ” ಎಂದಿದ್ದರು. ಅವರಿಗೆ ಬೇಕಾಗಿದ್ದದ್ದು ನೂರು ಬುಟ್ಟಿ. ಎರಡು ವರ್ಷದಿಂದ ನಮ್ಮಲ್ಲಿ ಕೊಳ್ಳುವವರು, ಒಮ್ಮೆಯೂ ಎಣಿಸಿದವರಲ್ಲ.

ಮೊನ್ನೆ ಆ ಮಾಲು ಮುಗಿಯಿತು. ಕಟ್ಟಿಡೋಣವೆಂದು ಕುಳಿತಾಗ ಕೊಸರಿನ ಐದು ಬುಟ್ಟಿ ಕಾಣಲಿಲ್ಲ. ಒಳ್ಳೆಯ ಸೀಳು ಹಾಗೆಯೇ ಮೂಲೆಯಲ್ಲಿತ್ತು. ಎಲ್ಲಿ ಎಂದು ಯಮುನಮ್ಮನನ್ನು ಕೇಳಿದೆ.

“ಹೆಣೀಲಿಲ್ಲ,” ಎಂದಳು. “ನೂರು ಹೇಳಿದಾರೆ, ನೂರೇ ಇರ್ಲಿ. ನಾಳೆ ಅವ್ರೂ ಎಣಿಸಿ ನಮ್ಮನ್ನ ಕಳ್ರು ಅಂದ್ರೆ ಎಂತ ಮಾಡೋದು?”

“ಹೆಚ್ಚು ಕೊಟ್ರೆ ನಾಗರಾಜಪ್ಪೋರು ಕಳ್ರು ಅಂತಾರೇನೇ?”

“ಸರ್ಕಾರ ಅಂದಿಲ್ವಾ?”

ಮದುವೆಯಾಗಿ ಹದಿನೆಂಟು ವರ್ಷ. ಗದ್ದೆ ನೀರಿಗೆ ಹೋದ ವರ್ಷ, ಒಲೆ ಸರಿಯಾಗಿ ಉರಿಯದ ದಿನಗಳಲ್ಲೂ ಅವಳು ಕೊಸರು ಬಿಟ್ಟವಳಲ್ಲ. ಬುಟ್ಟಿಗಳನ್ನು ಎಣಿಸುತ್ತಾ ಅವಳ ಕೈ ನೂರಕ್ಕೆ ನಿಂತದ್ದನ್ನು ಮೊದಲ ಸಲ ನೋಡಿದೆ. ನನಗೆ ಅಳು ಬಂತು ಎಂದು ಹೇಳಲು ನಾಚಿಕೆಯಿಲ್ಲ. ಮಾನ್ಯರೇ, ನನ್ನ ದೂರು ಇದು. ಇದನ್ನು ಯಾವ ಕಾಲಂನಲ್ಲಿ ಬರೆದುಕೊಳ್ಳುತ್ತೀರಿ?

ಆದ್ದರಿಂದ ನಾನು ಕೇಳುವುದಿಷ್ಟು. ಆ ನೋಟೀಸನ್ನು ತೆಗೆಯಬೇಕು. ತೆಗೆದ ಜಾಗದಲ್ಲೇ, ಅಷ್ಟೇ ದೊಡ್ಡ ಕಾಗದದಲ್ಲಿ, ಬೆಳ್ಳಪ್ಪ ಇನ್ನೂರು ಬುಟ್ಟಿಯನ್ನು ಸರಿಯಾಗಿ ಒಪ್ಪಿಸಿದ್ದಾನೆ, ಮೇಲೆ ಹತ್ತು ಕೊಸರು ಕೊಟ್ಟಿದ್ದಾನೆ, ಅವನ ಬಿಲ್ಲು ನಿಜ ಎಂದು ಬರೆಸಿ ತಮ್ಮ ಸಹಿ ಹಾಕಬೇಕು. ಇಪ್ಪತ್ತೆರಡು ದಿನ ಅದು ಅಲ್ಲೇ ಇರಬೇಕು. ಅದನ್ನು ನಾನು ಓದುವುದಕ್ಕಲ್ಲ, ಯಮುನಮ್ಮನನ್ನು ಕರೆತಂದು ಓದಿ ಹೇಳುವುದಕ್ಕೆ.

ಇನ್ನು ಮುಂದಿನ ನಾಲ್ಕು ಮಾತನ್ನು ಅಚ್ಚಾದ ಮೇಲೆ ಕೈಯಲ್ಲೇ ಬರೆದು ಸೇರಿಸಿದ್ದೇನೆ. ಈ ಪತ್ರವನ್ನು ಅಚ್ಚು ಹಾಕಿದವರು ಅದೇ ಮುಕುಂದಯ್ಯನವರು. ಬಸ್ಸಿಗೆ ಕಾಯುವವರಿಗೆ ಹಂಚಲು ನೂರು ಪ್ರತಿ ಕೇಳಿದ್ದೆ, ಬಿಲ್ಲೂ ನೂರಕ್ಕೇ ಬರೆದಿದ್ದಾರೆ. ಮನೆಗೆ ಬಂದು ಎಣಿಸಿದರೆ ನೂರೈದು ಇದ್ದವು. ಮೇಲಿನ ಐದನ್ನು ತಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಇವಕ್ಕೆ ಬಿಲ್ಲಿಲ್ಲ. ಒಂದನ್ನಾದರೂ ಬುಟ್ಟಿಗೆ ಹಾಕುವ ಮುಂಚೆ ಓದಿ.

ಇಂತಿ,
ತಮ್ಮ ಬೋರ್ಡಿನ ಪ್ರಕಾರ ಹತ್ತು ಬುಟ್ಟಿಯಷ್ಟು ಸುಳ್ಳನಾದ
ಬೆಳ್ಳಪ್ಪ,
ಬುಟ್ಟಿ ಅಂಗಡಿ, ಹೊಸನಗರ