ತಡವಾಗಿ ಬಂದವರ ಹಾಡು

ರೋಮ್, ಮೇ 2004

ಟೂರ್ ಮ್ಯಾನೇಜರ್ ದತ್ತು ಅವರಿಗೆ ನಮಸ್ಕಾರ.

ಇದನ್ನು ಓದಿ ಹರಿದುಹಾಕಿ. ಇವತ್ತು ಕೊಲೋಸಿಯಂ ಮುಂದೆ ಗ್ರೂಪ್ ಫೋಟೊದಲ್ಲಿ ನಾನು ನಕ್ಕಿದ್ದು ನಮ್ಮ ಯಜಮಾನರಿಗೆ ಹಿಡಿಸಲಿಲ್ಲ. ಕಂಬದ ಮರೆಗೆ ಎಳೆದುಕೊಂಡು ಹೋದರು. ಬಸ್ಸಿಗೆ ತಡವಾಗಿದ್ದು ಅದಕ್ಕೆ, ನೀವು ಅಂದುಕೊಂಡ ಹಾಗೆ ಶಾಪಿಂಗಿಗಲ್ಲ. ತಡವಾಗಿ ಬಂದವರಿಗೆ ದಂಡ ಅಂತ ನೀವು ಎಂದಿನಂತೆ ಮೈಕ್ ಕೊಟ್ಟು ಹಾಡಿಸಿದಿರಿ. ಬಲಗೈ ಎತ್ತಲು ಆಗುತ್ತಿರಲಿಲ್ಲ, ಎಡಗೈಯಲ್ಲಿ ಹಿಡಿದು ಹಾಡಿದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ.

ನಿಮ್ಮ ಬ್ಯಾಗಿನಲ್ಲಿರುವ ನನ್ನ ಪಾಸ್‌ಪೋರ್ಟನ್ನು ಅವರ ಕೈಗೆ ಕೊಡಬೇಡಿ. ಒಬ್ಬರೇ ಬಂದಿರುವ ಯಂಕಮ್ಮನವರಿಗೆ ಹುಷಾರಿಲ್ಲ, ರಾತ್ರಿ ಜೊತೆಗೆ ಯಾರಾದರೂ ಬೇಕು ಅಂತ ಹೇಳಿ ನನ್ನನ್ನು ಅವರ ರೂಮಿಗೆ ಕಳಿಸಿ. ನೀವು ಹೇಳಿದರೆ ಯಜಮಾನರು ಬೇಡ ಅನ್ನಲಾರರು. ಬೆಂಗಳೂರಿನ ಏರ್‌ಪೋರ್ಟಿಗೆ ಬರಲು ಬಾಣಸವಾಡಿಯ ನನ್ನ ಅಕ್ಕನಿಗೆ ಫೋನ್ ಮಾಡಿ. ನಂಬರ್ ಹಿಂದುಗಡೆ ಇದೆ. ಇಂದಿರಾನಗರದ ನಮ್ಮ ಮನೆಗೆ ಮಾತ್ರ ಮಾಡಬೇಡಿ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ನೀವು ಸುಮ್ಮನಾದರೆ, ನಾಳೆ ವ್ಯಾಟಿಕನ್‌ನಲ್ಲಿ ಬೇಕಂತಲೇ ತಡವಾಗಿ ಬಸ್ ಹತ್ತುತ್ತೇನೆ. ದಂಡದ ಮೈಕ್ ಕೊಡಿ. ಹಾಡುವುದಿಲ್ಲ.

ಇಂತಿ,
ಹನ್ನೊಂದನೇ ಸೀಟಿನ ವಿಮಲಾಕ್ಷಿ