ಗುರುವಾರ ಹಿಡಿಯಬೇಕಾದ ಲೆನ್ಸ್

ಮನೆಯಿಂದ,
ಶುಕ್ರವಾರ ಮಧ್ಯಾಹ್ನ

ಅಮ್ಮಾ,

ನಿನ್ನ ಕಿರಿಮಗಳ ನಮಸ್ಕಾರಗಳು. ಮಂಡಿನೋವು ಹೇಗಿದೆ? ಹೊಲಿಗೆ ಮಷಿನ್ನಿಗೆ ಮೋಟಾರು ಹಾಕಿಸಿಕೊಂಡೆಯಾ, ಇಲ್ಲಾ ಇನ್ನೂ ಕಾಲಲ್ಲೇ ತುಳಿಯುವ ಹಟವಾ? ಅಕ್ಕ ಹೇಳಿದಳು, ಯಾರದೋ ಮದುವೆ ಬಟ್ಟೆ ಅಂತ ಊಟ ಬಿಟ್ಟು ಕೂತಿದ್ದೆಯಂತೆ. ಹೊತ್ತಿಗೆ ಸರಿಯಾಗಿ ತಿನ್ನು. ಫೋನಿದ್ದೂ ಇವಳಿಗೇನು ಕಾಗದದ ಹುಚ್ಚು ಎನ್ನಬೇಡ. ಈ ಮನೆಯಲ್ಲಿ ನಾವಿಬ್ಬರೇ ಫೋನಿನಲ್ಲಿ ಮಾತಾಡುವುದು ಆಗದ ಮಾತು. ನಿನ್ನ ದನಿ ಕೇಳಿಸಿದರೆ ಸಾಕು, ಅತ್ತೆ ಗೋಡೆ ಸವರಿಕೊಂಡು ಬಂದು ಪಕ್ಕದಲ್ಲಿ ಕೂತು, "ಸ್ಪೀಕರ್ ಹಾಕೇ, ಬೀಗಿತ್ತಿ ಹತ್ರ ನಾನೂ ಒಂದೆರಡು ಮಾತಾಡ್ತೀನಿ" ಅನ್ನುತ್ತಾರೆ. ಈಗ ಅವರು ಪಕ್ಕದ ಮನೆಯಲ್ಲಿದ್ದಾರೆ. ನಿನ್ನ ಅಳಿಯ ಕೋಲ್ಡ್ ಸ್ಟೋರೇಜಿನ ರಾತ್ರಿ ಪಾಳಿ ಮುಗಿಸಿ ಬಂದು, ಕಿವಿಗೆ ಹತ್ತಿ ತುರುಕಿಕೊಂಡು ಒಳಗೆ ಮಲಗಿದ್ದಾರೆ. ಮೊಮ್ಮಗನಿಗೂ ಈಗಷ್ಟೇ ಕಣ್ಣು ಹತ್ತಿದೆ. ರಾತ್ರಿಯೆಲ್ಲ ಎದ್ದಿದ್ದು ಬಿಸಿಲು ಬಂದ ಮೇಲೆ ಮಲಗುವುದನ್ನು ಅವನು ಅಪ್ಪನಿಂದಲೇ ಕಲಿತಿರಬೇಕು.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಕಡೆಗೂ ಒಪ್ಪಿದ್ದಾರೆ. ಬರುವ ಗುರುವಾರ ಆಪರೇಷನ್, ನಮ್ಮ ಆಸ್ಪತ್ರೆಯಲ್ಲೇ, ನಮ್ಮ ಡಾಕ್ಟರೇ. ನಿನಗೆ ಗೊತ್ತಲ್ಲ, ಅವರ ಎಡಗಣ್ಣು ಎಷ್ಟೋ ವರ್ಷದ ಹಿಂದೆ ಬೇರೆಲ್ಲೋ ಆಪರೇಷನ್ ಮೇಜಿನ ಮೇಲೆಯೇ ಹೋಯಿತು. ಉಳಿದಿರುವುದು ಬಲಗಣ್ಣೊಂದೇ. ಅದರ ಹಿಂಭಾಗದಲ್ಲಿ, ಸರಿಯಾಗಿ ನೋಟದ ನಡುವೆ, ತೆಳ್ಳಗೊಂದು ಪೊರೆ ಬೆಳೆದು ಕೆಳಗಿನ ಪರದೆಯನ್ನು ಸುಕ್ಕುಗಟ್ಟಿಸುತ್ತಿದೆ. ಅದನ್ನು ಸುಲಿದು ತೆಗೆಯಬೇಕು. ಬಿಟ್ಟರೆ ಈ ವರ್ಷ ಕಳೆಯುವಷ್ಟರಲ್ಲಿ ಮೊಮ್ಮಗನ ಮುಖವೂ ಕಾಣುವುದಿಲ್ಲ. ಡಾಕ್ಟರು ಎಷ್ಟು ಹೇಳಿದರೂ ಬೇಡವೆಂದವರು, ನಾನು ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೋಗತೊಡಗಿದ ಮೇಲೆ ಒಂದೇ ಷರತ್ತಿನ ಮೇಲೆ ಒಪ್ಪಿದರು: ಲೆನ್ಸ್ ಹಿಡಿಯುವುದು ನಾನೇ ಆಗಿರಬೇಕು.

ನನ್ನ ಕೆಲಸವೇನೆಂದು ನೀನು ಬೀದಿಗೆಲ್ಲ "ನನ್ನ ಮಗಳು ಕಣ್ಣಿನ ಡಾಕ್ಟರಿಗೆ ಬಲಗೈ" ಅಂತ ಹೇಳಿಕೊಂಡು ಬಂದಿದ್ದೀಯಲ್ಲ, ಅದು ಹೀಗೆ. ಆಪರೇಷನ್ನಿನ ಬಹುಪಾಲು ಹೊತ್ತು ನನ್ನ ಕೈ ಬೇಕಾಗುವುದಿಲ್ಲ. ಮೈಕ್ರೋಸ್ಕೋಪಿನ ಕೆಳಗೆ ಒಂದು ಅಗಲದ ಲೆನ್ಸ್ ತಾನೇ ತೂಗಿಕೊಂಡಿರುತ್ತದೆ, ಕಣ್ಣಿನ ಒಳಗೋಡೆಯನ್ನು ಅಂಚಿನಿಂದ ಅಂಚಿನವರೆಗೆ ತೋರಿಸುತ್ತದೆ. ಅದರಲ್ಲಿ ಎಲ್ಲವೂ ತಲೆಕೆಳಗಾಗಿ ಮೂಡುತ್ತದೆ, ಮೇಲಿನ ಇನ್ನೊಂದು ಗಾಜು ನೆಟ್ಟಗೆ ಮಾಡಿಕೊಡುತ್ತದೆ. ಆದರೆ ಪೊರೆ ಸುಲಿಯುವ ಗಳಿಗೆಗೆ ಡಾಕ್ಟರು ಅದನ್ನು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಅಗಲ ನೋಡೋಕೆ ಅದು, ಆಳ ನೋಡೋಕೆ ಇದು ಅಂತ ಅವರ ಲೆಕ್ಕ. ಆಗ ಕಣ್ಣಿನ ಮೇಲೆ ಒಂದು ತೊಟ್ಟು ಅಂಟುದ್ರವ ಬಿಟ್ಟು, ಹಿಡಿಯಿರುವ ಪುಟ್ಟ ಲೆನ್ಸನ್ನು ನಾನು ಇಡುತ್ತೇನೆ. ಒತ್ತುವಂತಿಲ್ಲ, ಎತ್ತುವಂತಿಲ್ಲ. ನೀನು ಬಟ್ಟೆ ಕತ್ತರಿಸುವಾಗ ನನ್ನ ಕೈಗೆ ತುದಿ ಕೊಟ್ಟು ನಿಲ್ಲಿಸುತ್ತಿದ್ದೆಯಲ್ಲ, ಹಾಗೆ. ಕೂದಲೆಳೆ ವಾಲಿದರೂ ಡಾಕ್ಟರಿಗೆ ನೆಲ ಜಾರಿದ ಹಾಗೆ. ಆ ಹೊತ್ತಿಗೆ ಅವರ ಚಿಮಟ ಪೊರೆಯನ್ನು ಕಚ್ಚಿಕೊಂಡಿರುತ್ತದೆ. ಅವರು ಆಡುವುದು ಒಂದೇ ಮಾತು, "ನಡುವೆ." ಲೆನ್ಸ್ ನಡುವಿಗೆ ಬರಲಿ ಅಂತ. ಈಗೀಗ ಪಾತ್ರೆ ತೊಳೆಯುವಾಗಲೂ ಆ ಮಾತು ಕೇಳಿಸಿ ಕೈ ನಿಲ್ಲುತ್ತದೆ.

ಲೆನ್ಸ್ ಹಿಡಿಯಲು ಮೊದಲು ನಾವು ಇಬ್ಬರಿದ್ದೆವು. ತೂಗುವ ಲೆನ್ಸ್ ಬಂದ ಮೇಲೆ ಇನ್ನೊಬ್ಬಳನ್ನು ಬೇರೆ ಊರಿನ ಶಾಖೆಗೆ ಕಳಿಸಿದರು. ಲೆನ್ಸನ್ನು ಹಿಡಿದಿಡಲು ಕಣ್ಣಿಗೇ ಹೊಲಿದು ಕೂರಿಸುವ ಬಳೆಯಂಥದ್ದೊಂದಿದೆ, ಕೈಯೇ ಬೇಡ. ಗುರುವಾರ ಅದನ್ನು ಹಾಕಿದರೆ ಆಗದಾ ಎಂದು ಡಾಕ್ಟರನ್ನು ಕೇಳಿದೆ. ನಿದ್ದೆ ಸಾಲದು ಸಾರ್ ಅಂತಲೂ ಬಾಯಿಬಿಟ್ಟೆ. ಡಾಕ್ಟರು ನಕ್ಕು, "ಎಳೆಮಗುವಿನ ತಾಯಿ ಕೈ ಎಲ್ಲರಿಗಿಂತ ಸ್ಥಿರ ಕಣಮ್ಮ, ಅಭ್ಯಾಸ ಇರುತ್ತೆ" ಅಂದರು. ರಜೆ ಮುಗಿಸಿ ಬಂದ ಮೇಲೆ ನಾನು ಹಿಡಿದವೆಲ್ಲ ಚೆನ್ನಾಗೇ ಆಗಿವೆ. ಇಲ್ಲಿಯವರೆಗೆ.

ಅತ್ತೆಗಂತೂ ಸಡಗರ. ಹಾಲಿನವನಿಂದ ಹಿಡಿದು ಲಿಫ್ಟ್ ರಿಪೇರಿಗೆ ಬಂದವನವರೆಗೆ ಎಲ್ಲರಿಗೂ ಹೇಳಿದ್ದಾರೆ: "ಇಷ್ಟು ದಿನ ನಾನು ಸೊಸೆ ಮೇಲೆ ಕಣ್ಣಿಟ್ಟಿದ್ದೆ, ಇನ್ನು ಅವಳೇ ನನ್ನ ಕಣ್ಣೊಳಗೆ ಕಣ್ಣಿಡ್ತಾಳೆ." ನಾನೂ ನಗುತ್ತೇನೆ. ಆದರೆ ನಿನ್ನೆ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಎಡಗಣ್ಣಿನ ಕಥೆ ತೆಗೆದರು. ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸುವುದರಿಂದ ಆಪರೇಷನ್ ಹೊತ್ತಿಗೆ ಎಚ್ಚರವಿರುತ್ತದೆ, ಒಳಗೆ ಓಡಾಡುವ ಕಡ್ಡಿಯ ನೆರಳು ಕೆಲವರಿಗೆ ಕಾಣುತ್ತದೆ. ಇವರಿಗೂ ಕಂಡಿತ್ತಂತೆ. "ಕರಿ ಕಡ್ಡಿ ಒಂದು ನೀರಲ್ಲಿ ಮೀನಿನ ಹಾಗೆ ಚೆನ್ನಾಗೇ ಓಡಾಡ್ತಿತ್ತು. ಇದ್ದಕ್ಕಿದ್ದ ಹಾಗೆ ನಿಂತುಬಿಡ್ತು. ಆಮೇಲೆ ಆ ರೂಮಲ್ಲಿ ಯಾರೂ ಮಾತಾಡ್ಲಿಲ್ಲ." ಎಣ್ಣೆ ಬಟ್ಟಲನ್ನು ನನ್ನ ಕಡೆ ಸರಿಸಿ, "ಈ ಸಲ ನೀನಿರ್ತೀಯಲ್ಲ, ನಂಗೇನು ಭಯ" ಅಂದರು. ನನ್ನ ಬೆರಳುಗಳು ಅವರ ತಲೆಯ ಮೇಲೆ ಹಾಗೇ ನಿಂತವು.

ಇನ್ನೊಂದು ವಿಷಯ, ಬೈಯಬೇಡ. ಮೊನ್ನೆ ಕುರ್ಚಿಯಲ್ಲಿ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದೆ. ಎದುರಿನ ಗಡಿಯಾರವನ್ನೇ ನೋಡುತ್ತಿದ್ದೆ, ಕಣ್ಣು ತೆರೆದೇ ಇತ್ತು, ಪ್ರಮಾಣ ಮಾಡಿ ಹೇಳುತ್ತೇನೆ. ಯಾರೋ ಮೊಣಕೈ ಹಿಡಿದಂತಾಗಿ ನೋಡಿದರೆ ಅತ್ತೆ ನೆಲದ ಮೇಲೆ ಮಂಡಿಯೂರಿದ್ದಾರೆ, ಮಗುವಿನ ತಲೆ ಅವರ ಅಂಗೈಯಲ್ಲಿದೆ. ಅವನು ನನ್ನ ತೊಡೆಯಿಂದ ಜಾರಿ ಅರ್ಧ ಕೆಳಗೆ ತೂಗುತ್ತಿದ್ದ. ಅರೆಗಣ್ಣಿನವರಿಗೆ ಕಂಡದ್ದು ನನಗೆ ಕಾಣಲಿಲ್ಲ. "ನಿದ್ದೆ ಬಂದ್ರೆ ಹೇಳಬಾರ್ದಾ, ಹುಚ್ಚಿ" ಅಂತ ನಕ್ಕು, ಸಂಜೆ ಮಗನಿಗೂ ತಮಾಷೆಯಾಗಿ ಹೇಳಿದರು. ಗುರುವಾರಕ್ಕೂ ಅದಕ್ಕೂ ಗಂಟು ಹಾಕಲಿಲ್ಲ. ನಾನು ಹಾಕಿಕೊಟ್ಟರೆ ಅವರು ಮತ್ತೆ ಆಪರೇಷನ್ ಬೇಡ ಅನ್ನುತ್ತಾರೆ, ಆಗಲೂ ಕಣ್ಣು ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

ಅಕ್ಕನಿಗೂ ಭಾವನಿಗೂ ನೆನಪು ಹೇಳು. ಮೊಮ್ಮಗ ನಿನ್ನ ಹಾಗೇ ತುಟಿ ಮಡಿಸಿ ನಿದ್ದೆ ಮಾಡುತ್ತಾನೆ, ನೋಡಿದರೆ ನಗು ಬರುತ್ತದೆ. ನಿನ್ನ ಹರಕೆ ನಮ್ಮ ಮೇಲಿರಲಿ, ಅತ್ತೆಯ ಮೇಲೂ ಇರಲಿ.

ನಿನ್ನ
ಚಿಕ್ಕಿ

ಮರೆತಿದ್ದೆ: ಮದುವೆ ಬಟ್ಟೆ ಯಾರದಾದರೂ ಆಗಲಿ, ಪಕ್ಕಕ್ಕಿಟ್ಟು ಸೋಮವಾರದೊಳಗೆ ಹೊರಟು ಬಾ. ಮೊಮ್ಮಗನನ್ನು ನೋಡಬೇಕೆನ್ನಿಸಿತು ಅಂತ ಅತ್ತೆಗೆ ಹೇಳಿದರೆ ಸಾಕು. ಮೂರು ರಾತ್ರಿ ಅವನನ್ನು ನಿನ್ನ ಮಗ್ಗುಲಲ್ಲಿ ಮಲಗಿಸಿಕೋ, ನಾನು ಬಾಗಿಲು ಹಾಕಿಕೊಂಡು ಮಲಗುತ್ತೇನೆ. ಹೋದ ಸಲ ಫೋನಿನಲ್ಲಿ, ಮೂವರನ್ನು ಹೆತ್ತೆ, ನಾನೇನು ನಿದ್ದೆಗೆಟ್ಟಿರಲಿಲ್ಲವಾ ಅಂದೆ. ಕೆಟ್ಟಿದ್ದೆ ಅಮ್ಮಾ, ಆದರೆ ನಿನ್ನ ಕೈಯಲ್ಲಿ ಬಟ್ಟೆಯಿತ್ತು. ಇಷ್ಟು ಬರೆದು ಈಗ ಹಾಳೆ ಮಡಿಸಲು ಹೋದರೆ, ಹಿಂದಿನ ಪುಟದಲ್ಲಿ ಕರಿ ಕಡ್ಡಿಯ ಮಾತು ಬರೆದ ಕಡೆ ಪೆನ್ನಿನ ಗೆರೆಯೊಂದು ಸಾಲು ಬಿಟ್ಟು ಜಾರಿ, ಹಾಳೆಯ ಅಂಚಿನವರೆಗೂ ಹೋಗಿದೆ. ಮಗು ಎಳೆದದ್ದಲ್ಲ, ಅವನು ಇನ್ನೂ ಎದ್ದಿಲ್ಲ. ಬರೆಯುವಾಗ ನಾನು ಒಂದು ಸಲವೂ ಕಣ್ಣು ಮುಚ್ಚಲಿಲ್ಲ.